ಟವೆಲ್ ಕೆಳಗಿನ ಮಾತು

ದೇವರಾಜ್ ನನ್ನನ್ನು ಬಿಟ್ಟುಬಿಟ್ಟ ಎಂಬ ಸುದ್ದಿ ತಂದವರು ನನ್ನ ಸೋದರಮಾವ ಪಿಳ್ಳಣ್ಣ. ಭಾನುವಾರ ಬೆಳಿಗ್ಗೆ, ಚಿತ್ರಾನ್ನದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು.

"ಹುಡುಗ ಬಿಡಕ್ಕೆ ಒಪ್ಕೊಂಡ ಕಣಮ್ಮ ಚಂದನ. ಜಾತಿ ಬೇರೆ, ಮನೇಲಿ ಗಲಾಟೆ, ನಂಗ್ಯಾಕೆ ಬೇಕು ಅಂದ. ನೀನೂ ಬೇಡ ಅಂದ್ಬಿಡು, ಮರ್ಯಾದೆಯಾಗಿ ಮುಗ್ದೋಗ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷ! ದಾಬಸ್‌ಪೇಟೆಯ ಗೋಡೌನಿನಲ್ಲಿ ಶಿಫ್ಟ್ ಮುಗಿಸಿ, ನಿದ್ದೆಗಣ್ಣಿನಲ್ಲೇ ದೊಡ್ಡಬಳ್ಳಾಪುರಕ್ಕೆ ಬಂದು ನನ್ನ ಕಾಲೇಜಿನ ಗೇಟಿನ ಮುಂದೆ ಕಾಯುತ್ತಿದ್ದವನು ಇವನೇನಾ? ನಮ್ಮ ವಿಷಯ ಎರಡೂ ಮನೆಗೆ ಗೊತ್ತಾದ ನಿನ್ನೆಯಿಂದ ನನ್ನ ಫೋನ್ ಅಮ್ಮನ ಬೀರುವಿನಲ್ಲಿ, ಅವನ ಫೋನ್ ಅವರಪ್ಪನ ಜೇಬಿನಲ್ಲಿ. ಒಂದೇ ಊರು, ಎರಡು ಬೀದಿ ಆಚೆ ಅವನ ಮನೆ. ಆದರೂ ಅವನನ್ನೇ ಕೇಳುವ ಹಾಗಿರಲಿಲ್ಲ.

"ಹಾಗಾದ್ರೆ ನಂಗೂ ಬೇಡ ಅಂತ ಹೇಳ್ಬಿಡಿ ಹೋಗಿ!" ಎಂದುಬಿಟ್ಟೆ.

ಮಾವ ಚಿತ್ರಾನ್ನ ಅರ್ಧಕ್ಕೇ ಬಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು. ಅಷ್ಟು ಅವಸರ ಅವರಿಗೆ.

ಅರ್ಧ ಗಂಟೆ ಅತ್ತೆ. ಆಮೇಲೆ ಅಳುವುದಕ್ಕೂ ಸಿಟ್ಟು ಬಂತು. ದೇವರಾಜನ ಮುಖಕ್ಕೆ ಉಗಿದು ಬರೋಣ ಎಂದು ಸ್ಕೂಟರ್ ತೆಗೆದೆ. "ಎಲ್ಲಿಗೇ?" ಎಂದು ಅಮ್ಮ ಕೂಗಿದ್ದು ಕೇಳಿಸಿತು, ನಿಲ್ಲಿಸಲಿಲ್ಲ.

ಅವನು ಹಾಲಿನ ಡೈರಿಯ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ.

"ನಾಚಿಕೆ ಆಗಲ್ವಾ ನಿಂಗೆ?"

ತಲೆ ಎತ್ತಿದ. ನನ್ನನ್ನು ಕಂಡರೆ ಅವನ ತುಟಿ ಮೊದಲು ಎಡಗಡೆ ಮಾತ್ರ ನಗುತ್ತದೆ, ಆಮೇಲೆ ಪೂರ್ತಿ. ಇವತ್ತು ಎರಡೂ ಇಲ್ಲ. ಕಣ್ಣು ಕೆಂಪಾಗಿತ್ತು.

"ನಂಗಾ? ಬೇಡ ಅಂತ ಹೇಳಿ ಕಳ್ಸಿದ್ದು ಯಾರು ಮೇಡಂ?"

"ಮೊದ್ಲು ಅಂದಿದ್ದು ನೀನು!"

"ನಾನಾ? ನಿಮ್ಮಾವ ಏಳು ಗಂಟೆಗೇ ಬಂದು, ಚಂದನ ಬಿಟ್ಬಿಟ್ಲು ಅಂದ್ರು. ನಂಬ್ಲಿಲ್ಲ ಕಣೇ. ಅವ್ಳನ್ನ ನನ್ನ ಮುಂದೆ ಕೂರ್ಸಿ, ಅವ್ಳ ಬಾಯಲ್ಲೇ ಕೇಳ್ತೀನಿ ಅಂದೆ. ಆಮೇಲೆ ಈಗ ಮತ್ತೆ ಬಂದ್ರು. ನಮ್ಮವ್ವನಾಣೆ, ಅವ್ಳೇ ಅಂದ್ಲು ಅಂದ್ರು."

ಮಾವನ ಆ ಆಣೆ ಸುಳ್ಳಲ್ಲ. ನಾನೇ ಅಂದಿದ್ದೆ.

ಪಿಳ್ಳಣ್ಣ ಮಾವ ದನದ ದಲ್ಲಾಳಿ. ಸಂತೆಯಲ್ಲಿ ಮಾರುವವನ ಕೈಯನ್ನು ಟವೆಲ್ ಕೆಳಗೆ ಹಿಡಿದು, ಬೆರಳು ಒತ್ತಿ ರೇಟು ಕೇಳುತ್ತಾರೆ. ಆಮೇಲೆ ಕೊಳ್ಳುವವನ ಹತ್ತಿರ ಹೋಗಿ ಅದೇ ಟವೆಲ್, ಅವನ ಬೆರಳು. ಇವನು ಏನಂದ ಎಂದು ಅವನಿಗೆ ಗೊತ್ತಿಲ್ಲ, ಅವನು ಏನಂದ ಎಂದು ಇವನಿಗೆ ಗೊತ್ತಿಲ್ಲ. ನಡುವೆ ಮಾವ ಹೇಳಿದ್ದೇ ಸತ್ಯ. ನಮ್ಮನ್ನೂ ಜೋಡಿ ಎತ್ತು ಎಂದುಕೊಂಡರೇನೋ!

ಅವರ ಮೇಲಿನ ಸಿಟ್ಟು ಒಂದು ಕಡೆ ಇರಲಿ, ನನ್ನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ನಾನು ಎಕನಾಮಿಕ್ಸ್ ಲೆಕ್ಚರರ್. ಗೇಮ್ ಥಿಯರಿ ಪಾಠ ಮಾಡುವವಳು. ಮಾಕಳಿದುರ್ಗದ ಬಂಡೆಯ ಮೇಲೆ ಕೂತು ಇವನಿಗೇ ಇಬ್ಬರು ಕಳ್ಳರ ಕಥೆ ಹೇಳಿದ್ದೆ. ಪೊಲೀಸರು ಬೇರೆ ಬೇರೆ ಕೋಣೆಯಲ್ಲಿ ಕೂರಿಸುತ್ತಾರೆ. ಇಬ್ಬರೂ ಬಾಯಿ ಬಿಡದಿದ್ದರೆ ಇಬ್ಬರಿಗೂ ಸಣ್ಣ ಶಿಕ್ಷೆ. ಆದರೆ ಇನ್ನೊಬ್ಬ ಬಾಯಿಬಿಟ್ಟರೆ ನಾನೊಬ್ಬನೇ ಕೆಡುತ್ತೇನಲ್ಲ ಎಂದು ಇಬ್ಬರಿಗೂ ಭಯ. ಇಬ್ಬರೂ ಬಾಯಿಬಿಟ್ಟು, ಇಬ್ಬರೂ ವರ್ಷಗಟ್ಟಲೆ ಜೈಲಿಗೆ ಹೋಗುತ್ತಾರೆ.

ಆವತ್ತು ಅವನು ಕಡಲೆಕಾಯಿ ಸುಲಿಯುತ್ತ ಕೇಳಿದ್ದ: "ಆ ಕಳ್ರಿಗೆ ಒಬ್ರ ಮೇಲೊಬ್ರಿಗೆ ನಂಬಿಕೆ ಇರ್ಲಿಲ್ವಾ ಮೇಡಂ?"

"ಅದು ಸಿಲಬಸ್‌ನಲ್ಲಿಲ್ಲ" ಎಂದು ದೊಡ್ಡದಾಗಿ ನಕ್ಕಿದ್ದೆ. ಈಗ ಪಾಠ ಕೇಳಿದವನು ಬಾಯಿ ಬಿಡಲಿಲ್ಲ, ಪಾಠ ಹೇಳಿದವಳು ಬಿಟ್ಟಳು.

"ದೇವು, ತಪ್ಪು ನಂದೇ ಕಣೋ. ಅವ್ರು ಹೇಳಿದ್ರು, ನಂಬ್ಬಿಟ್ಟೆ."

"ಒಂದ್ಸಲ ಬಂದು ಕೇಳಕ್ಕಾಗ್ಲಿಲ್ವಾ ನಿಂಗೆ? ಎರಡು ಬೀದಿ!" ಅವನ ದನಿ ಒಡೆಯಿತು. "ಈಗ ಉಗಿಯಕ್ಕೆ ಬಂದ್ಯಲ್ಲ, ಅದನ್ನೇ ಬೆಳಿಗ್ಗೆ ಕೇಳಕ್ಕೆ ಬರ್ಬೋದಾಗಿತ್ತು."

ಪಕ್ಕದಲ್ಲಿ ಕೂತೆ. ಅವನು ಸರಿದು ಜಾಗವನ್ನೇನೋ ಕೊಟ್ಟ, ನನ್ನ ಕಡೆ ನೋಡಲಿಲ್ಲ.

ಸ್ಕೂಟರ್ ಕಡೆ ನೋಡುತ್ತ ಕೇಳಿದ. "ಒಬ್ರು ಮೋಸ ಮಾಡಿದ್ರೆ, ನಿನ್ ಪುಸ್ತಕದಲ್ಲಿ ಇನ್ನೊಬ್ರು ಏನ್ ಮಾಡ್ತಾರೆ?"

"ಮುಂದಿನ್ ಸಲ ಅವ್ರೂ ಮೋಸ ಮಾಡ್ತಾರೆ. ಮೊದ್ಲು ಮೋಸ ಮಾಡಿದವ್ರು ದಾರಿಗೆ ಬಂದ್ರೆ, ಅದರ ಮುಂದಿನ್ ಸಲ ಕ್ಷಮಿಸ್ತಾರೆ."

"ಮಧ್ಯದ ಮೋಸ ಬೇಡ ಬಿಡು. ನಂಗೆ ಅಷ್ಟು ಟೈಮಿಲ್ಲ." ತುಟಿಯ ಎಡಗಡೆ ಇಷ್ಟೇ ಇಷ್ಟು ಅಲ್ಲಾಡಿತು. ನನಗೆ ಮತ್ತೆ ಅಳು ಬಂತು.

"ಹತ್ತು ಸ್ಕೂಟರ್" ಎಂದೆ.

ಊರ ನಡುವಿನ ಬೀದಿಯಲ್ಲೇ, ಎಲ್ಲರೂ ನೋಡುವ ಹಾಗೆ ಬಂದೆವು. ಮಾವ ನಮ್ಮ ಜಗಲಿಯ ಮೇಲೆ ಉಳಿದ ಚಿತ್ರಾನ್ನ ತಿನ್ನುತ್ತಿದ್ದರು. ಬಾಗಿಲಲ್ಲಿ ಅಮ್ಮ. ನಾನು ದೇವರಾಜನ ಕೈಯನ್ನು ಅವರ ಮುಂದೆಯೇ ಗಟ್ಟಿಯಾಗಿ ಹಿಡಿದುಕೊಂಡೆ.

"ಮಾವ, ಟವೆಲ್ ತೆಗ್ದಿಡಿ. ಇಬ್ರೂ ಇಲ್ಲೇ ಇದೀವಿ. ಈಗ ಕೇಳಿ, ಬೇಕಾ ಬೇಡ್ವಾ ಅಂತ."

ಮಾವ ಅಮ್ಮನ ಮುಖ ನೋಡಿದರು. ಅಮ್ಮ ನಮ್ಮ ಕೈ ನೋಡುತ್ತಿದ್ದಳು.

"ನಂಗೆ ಬೇಕು" ಎಂದ ದೇವರಾಜ್, ಯಾರೂ ಕೇಳುವ ಮೊದಲೇ.

"ನಂಗೂ ಬೇಕು. ಬೆಳಿಗ್ಗೆ ಅಂದಿದ್ದು ವಾಪಸ್."

ಮಾವ ತಟ್ಟೆ ಕೆಳಗಿಟ್ಟು ಕೈ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, ಬಲು ಅಕ್ಕರೆಯಿಂದ ಕರೆದರು. "ದೇವರಾಜ, ಒಂದ್ನಿಮಿಷ ಆಚೆ ಬಾರಪ್ಪ. ನೀನೊಬ್ನೇ."

"ಅವ್ನು ಎಲ್ಲಿಗೂ ಬರಲ್ಲ ಮಾವ" ಎಂದೆ.

ಅಮ್ಮ ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಎರಡು ತಟ್ಟೆ ಚಿತ್ರಾನ್ನವಿತ್ತು.