ಪಪ್ಪನ ಸೊನ್ನೆ

"ಮತ್ತೊಂದು 'ಸೋ'! ಇಪ್ಪತ್ತೇಳು!" ಅಕ್ಷಿತಾ ಹಾಳೆಯ ಮೇಲೆ ಇನ್ನೊಂದು ಗೆರೆ ಎಳೆದಳು.

ಮುಂದೆ ಶ್ಯಾಮಸುಂದರ್ ಅಂಕಲ್ 'ಸಮಯದ ಬೆಲೆ' ಎಂಬ ವಿಷಯದ ಮೇಲೆ ಮಾತಾಡುತ್ತಿದ್ದರು. ಏಳು ನಿಮಿಷ ಮುಗಿದು, ಕೆಂಪು ದೀಪ ಹತ್ತಿ ಆಗಲೇ ಎರಡು ನಿಮಿಷವಾಗಿತ್ತು. ಸಮಯದ ಬೆಲೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು.

ಕುವೈತಿನ ಫಿಂಟಾಸ್ ಎಂಬಲ್ಲಿ ಕಟ್ಟಡವೊಂದರ ಬೇಸ್‌ಮೆಂಟಿನಲ್ಲಿ ಶುಕ್ರವಾರ ಸಂಜೆ ಸೇರುವ ಕನ್ನಡ ಭಾಷಣ ಕ್ಲಬ್ ಇದು. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಡ್ಯೂಟಿ. ಒಬ್ಬರು ಸಮಯ ನೋಡಬೇಕು. ಇನ್ನೊಬ್ಬರು ತಪ್ಪು ಹೇಳಬೇಕು, ಅದೂ ಮೊದಲು ಹೊಗಳಿ, ಆಮೇಲೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಿ! ಮತ್ತೊಬ್ಬರು, ಮಾತಿನ ನಡುವೆ ಯಾರು ಎಷ್ಟು ಸಲ 'ಆ…', 'ಸೋ', 'ಅಂದ್ರೆ' ಎಂದರು ಎಂದು ಎಣಿಸಿ, ಕೊನೆಗೆ ಎಲ್ಲರೆದುರು ಓದಬೇಕು. ಇವತ್ತು ಆ ಡ್ಯೂಟಿ ಐದನೇ ಕ್ಲಾಸಿನ ಅಕ್ಷಿತಾಳದ್ದು. ಸ್ಕೂಲಿನ ಇಂಗ್ಲಿಷ್ ಭಾಷಣ ಸ್ಪರ್ಧೆಯಲ್ಲಿ ಕಪ್ ಗೆದ್ದವಳಲ್ಲವೇ? ಜಂಬಕ್ಕೆ ಕೇಳಬೇಕೆ!

ಆಮೇಲೆ ಯಾಮಿನಿ ಆಂಟಿ ಬಂದರು. ಬೆಳಿಗ್ಗೆ ಐದಕ್ಕೆ ಎದ್ದರೆ ದಿನವಿಡೀ ಚುರುಕಾಗಿರಬಹುದು ಎಂದು ಹೇಳುತ್ತ ಹೇಳುತ್ತ ತಾವೇ ಆಕಳಿಸಿದರು. 'ಆಕ್ಚುಲಿ' ಹತ್ತೊಂಬತ್ತು ಸಲ. ಅದಕ್ಕೂ ಚಪ್ಪಾಳೆ! ಈ ಜನ ಯಾರಾದರೂ ಎದ್ದು ಸೀನಿದರೂ ಚಪ್ಪಾಳೆ ತಟ್ಟಿಯಾರು.

ಅಕ್ಷಿತಾ ಕಿಸಕ್ಕನೆ ನಕ್ಕಳು.

"ದೊಡ್ಡವರನ್ನು ನೋಡಿ ನಗ್ಬಾರ್ದು ಮಾರಾಯ್ತಿ," ಎಂದು ಅಮ್ಮ ಮೊಣಕೈಯಿಂದ ತಿವಿದರು.

"ಅಮ್ಮಾ, ದೇ ಆರ್ ಸೋ ಬೋರಿಂಗ್!"

"ಈಗ ತಮ್ಮ ಮೊಟ್ಟಮೊದಲ ಭಾಷಣ ಮಾಡಲಿದ್ದಾರೆ, ಸುಂದರ ಅವರು!" ಎಂದು ನಿರೂಪಕರು ಕರೆದರು.

ಅಕ್ಷಿತಾಳ ನಗು ಅಲ್ಲಿಗೇ ನಿಂತಿತು. ಪಪ್ಪ!

ಪಪ್ಪ ಒಂದು ಹೋಟೆಲಿನಲ್ಲಿ ಸ್ಟೋರ್‌ಕೀಪರ್. ಎರಡು ವರ್ಷಗಳ ಕಾಲ ಹಿಂದಿನ ಸಾಲಿನಲ್ಲಿ ಕೂತು ಬೇರೆಯವರಿಗೆ ಚಪ್ಪಾಳೆ ತಟ್ಟಿ, ಈಗ ಹೇಗೋ ಧೈರ್ಯ ಮಾಡಿದ್ದರು. ಏಳು ನಿಮಿಷದೊಳಗೆ ಭಾಷಣ ಮುಗಿಸಿದರೆ ಪಾಸ್. ಇಲ್ಲದಿದ್ದರೆ ಅದು ಭಾಷಣವೇ ಅಲ್ಲ. ಪಪ್ಪ ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳುವವರು. ಎರಡರ ನಡುವೆ ಅವರಿಗೆ ಒಂದು 'ಆ…' ಬೇಕೇ ಬೇಕು.

ಮೊನ್ನೆ ಅಡುಗೆಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ಅಕ್ಷಿತಾ ನಲವತ್ತು 'ಆ' ಎಣಿಸಿ, ಬಿದ್ದು ಬಿದ್ದು ನಕ್ಕಿದ್ದಳು. "ಪಪ್ಪಾ ಪ್ಲೀಸ್, ನನ್ನ ಮರ್ಯಾದೆ ತೆಗೀಬೇಡಿ! 'ಆ' ಅನ್ನೋದಕ್ಕಿಂತ ಬಾಯಿ ಮುಚ್ಕೊಂಡು ನಿಲ್ಲೋದೇ ಬೆಟರ್!" ಎಂದಿದ್ದಳು. ಪಪ್ಪ ಪೆಚ್ಚಾಗಿ ನಕ್ಕು, ಅಲ್ಲಿಗೇ ಪ್ರಾಕ್ಟೀಸ್ ನಿಲ್ಲಿಸಿದ್ದರು.

"ಎಲ್ಲರಿಗೂ ನಮಸ್ಕಾರ. ನಾನು ಕುವೈತಿಗೆ ಬಂದು ಹನ್ನೆರಡು ವರ್ಷ ಆಯ್ತು," ಎಂದು ಪಪ್ಪ ಶುರು ಮಾಡಿದರು. ಆಮೇಲೆ ಸುಮ್ಮನಾದರು.

ತುಟಿ ಬಿಗಿದು, ಮಗಳ ಕೈಯಲ್ಲಿದ್ದ ಪೆನ್ಸಿಲನ್ನೇ ನೋಡಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ವಾಕ್ಯ. ಮತ್ತೆ ಮೌನ. ಯಾರೋ ಕೆಮ್ಮಿದರು. ಶ್ಯಾಮಸುಂದರ್ ಅಂಕಲ್ ಗಡಿಯಾರ ನೋಡಿಕೊಂಡರು. ಅವರು, ಗಡಿಯಾರ!

'ಪಪ್ಪಾ, 'ಆ' ಅಂದುಬಿಡಿ' ಎಂದು ಕೂಗಬೇಕೆನಿಸಿತು ಅಕ್ಷಿತಾಳಿಗೆ. ಆದರೆ ಪಪ್ಪ ಮಗಳ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸುತ್ತಿದ್ದರು.

"ಐದು ವರ್ಷ ಆದ ಮೇಲೆ ಹೆಂಡತಿಗೂ ಮಗಳಿಗೂ ವೀಸಾ ಸಿಕ್ಕಿತು. ಅವರನ್ನು ಕರ್ಕೊಂಡು ಬರ್ಲಿಕ್ಕೆ ಏರ್‌ಪೋರ್ಟಿಗೆ ಹೋದೆ. ಅಲ್ಲಿ…"

ಕೆಂಪು ದೀಪ ಹತ್ತಿತು. ಬೇರೆಯವರಾಗಿದ್ದರೆ ಇನ್ನೂ ಎರಡು ನಿಮಿಷ ಎಳೆಯುತ್ತಿದ್ದರು. ಪಪ್ಪ "ಧನ್ಯವಾದ" ಎಂದು ಬಂದು ಕೂತುಬಿಟ್ಟರು. ಭಾಷಣ ಅರ್ಧಕ್ಕೇ ನಿಂತಿತು.

ಕೊನೆಗೆ ಅಕ್ಷಿತಾ ಎದ್ದು ಹಾಳೆ ಓದಿದಳು. "ಶ್ಯಾಮಸುಂದರ್ ಅಂಕಲ್, ಮೂವತ್ತೆರಡು. ಯಾಮಿನಿ ಆಂಟಿ, ಹತ್ತೊಂಬತ್ತು. ನನ್ನ ಪಪ್ಪ… ಸೊನ್ನೆ."

"ವಾಹ್! ಮಗಳ ಟ್ರೈನಿಂಗ್!" ಎಂದು ಯಾರೋ ಕೂಗಿದರು. ಹಾಲ್ ತುಂಬ ಚಪ್ಪಾಳೆ. ಹಿಂದಿನ ಸಾಲಿನಿಂದ ಪಪ್ಪ ಹೆಬ್ಬೆರಳು ಎತ್ತಿ ನಕ್ಕರು. ಅಕ್ಷಿತಾಳಿಗೆ ಅಳು ಬಂತು.

ಕಾರಿನಲ್ಲಿ ಅವಳು ಕೇಳಿದಳು, "ಪಪ್ಪಾ, ಏರ್‌ಪೋರ್ಟಲ್ಲಿ ಎಂತ ಆಯ್ತು?"

"ಬಿಡು ಮಗಾ, ಟೈಮ್ ಮುಗೀತಲ್ಲ. ಖಲಾಸ್."

"ಇಲ್ಲ, ನಂಗೆ ಹೇಳಿ."

"ಆ…" ಎಂದ ಪಪ್ಪ ತಟ್ಟನೆ ಬಾಯಿ ಮುಚ್ಚಿಕೊಂಡರು.

"ಪರ್ವಾಗಿಲ್ಲ ಪಪ್ಪಾ. ಹೇಳಿ."

"ಆ… ನಿಂಗೆ ಮೂರು ವರ್ಷ. ನಾನು ರಜೆಯಲ್ಲಿ ಊರಿಗೆ ಬಂದು ಹೋದ ಮೇಲೆ ಹುಟ್ಟಿದವಳು, ನನ್ನನ್ನು ನೋಡಿಯೇ ಇರ್ಲಿಲ್ಲ. ಆ… ಅಮ್ಮನ ಸೆರಗಿನ ಹಿಂದೆ ನಿಂತು, 'ಈ ಮಾಮ ಯಾರು?' ಅಂತ ಕೇಳ್ದೆ. ನಾನು ಎಂತೆಂತದೋ ಹೇಳ್ಬೇಕು ಅಂತ ಎಣಿಸಿಕೊಂಡು ಹೋದವ. ಬಾಯಿಂದ ಒಂದು ಶಬ್ದ ಬರ್ಬೇಕಲ್ಲ? ಆ… ಬರೀ ಆ… ಅಂತ ನಿಂತಿದ್ದೆ."

ಮುಂದಿನ ಸೀಟಿನಲ್ಲಿ ಅಮ್ಮ ಕಣ್ಣೊರೆಸಿಕೊಂಡರು.

ಅಕ್ಷಿತಾಳಿಗೆ ಏನೋ ಹೇಳಬೇಕಿತ್ತು. ಬಾಯಿ ತೆರೆದಳು. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಮಾತು ಸಿಗಲಿಲ್ಲ.

ಪಪ್ಪ ಅವಸರ ಮಾಡಲಿಲ್ಲ. ಕಾದರು.