ಮುಚ್ಚಿದ ಕೋಣೆಯ ದನಿ

"ಮನೇಲಿ ಎಲ್ಲಿ ಬೇಕಾದ್ರೂ ಓಡಾಡಿ. ಆ ಕೋಣೆ ಬಾಗಿಲು ಮಾತ್ರ ತೆಗೀಬೇಡಿ."

ಮಹಡಿಯ ರೂಮಿನ ಬೀಗದ ಕೈ ಕೊಡುತ್ತಾ ಮನೆ ಮಾಲೀಕ ಶ್ರೀಶ ಹೇಳಿದ ಮೊದಲ ಮಾತು ಅದು. ಅವನ ಕಣ್ಣುಗಳಲ್ಲಿ ಎಂಥದೋ ದಣಿವು. ಬಾಡಿಗೆಗೆ ಬಂದಿದ್ದ ಮಾಲವಿಕಾ ಯಾಕೆಂದು ಕೇಳದೆ ಬೀಗದ ಕೈ ತೆಗೆದುಕೊಂಡಳು.

ಕುರುಬರಹಳ್ಳಿಯ ಆ ಹಳೆಯ ಮನೆಯ ಎರಡೂ ಪಕ್ಕ ಅಪಾರ್ಟ್‌ಮೆಂಟ್‌ಗಳು ಎದ್ದು, ನಡುಹಗಲಲ್ಲೂ ಹಜಾರಕ್ಕೆ ಬಿಸಿಲು ಬೀಳುತ್ತಿರಲಿಲ್ಲ. ತೇವ ಇಳಿದು ಗೋಡೆಗಳು ಕಪ್ಪಿಟ್ಟಿದ್ದವು. ಮೇಲೆ ಹತ್ತುವಾಗ ಮರದ ಮೆಟ್ಟಿಲುಗಳು ನರಳುತ್ತಿದ್ದವು. ಹಜಾರದ ಪಕ್ಕದ ಆ ಮುಚ್ಚಿದ ಕೋಣೆಯ ಕಿಟಕಿಗೆ ಒಳಗಿನಿಂದ ದಪ್ಪ ಕಂಬಳಿ.

ಕಾಲೇಜಿನಲ್ಲಿ ಪಾಠ ಮುಗಿಸಿ ಸಂಜೆ ಬರುವಾಗ ಅಲ್ಲಿಂದ ಒಂದು ಹೆಂಗಸಿನ ದನಿ ಕೇಳುತ್ತಿತ್ತು. ಎಳೆದೆಳೆದು... ಮಾತೂ ಅಲ್ಲ, ಅಳುವೂ ಅಲ್ಲ. ಜೊತೆಗೆ ಮರ ಕುಟ್ಟಿದ ಸದ್ದು.

"ಏನದು ಶಬ್ದ?" ಒಮ್ಮೆ ಕೇಳಿಯೇಬಿಟ್ಟಳು.

"ಟಿವಿ," ಎಂದ ಶ್ರೀಶ.

ಆಗ ಕರೆಂಟ್ ಇರಲಿಲ್ಲ.

"ನಮಗೂ ಕೇಳ್ಸುತ್ತೆ ಕಣಮ್ಮ," ಎಂದು ಪಕ್ಕದ ಮನೆಯ ರಾಮಕ್ಕ ದನಿ ತಗ್ಗಿಸಿದರು. "ಯಾರನ್ನ ಕೂಡಿ ಹಾಕವ್ನೋ, ಏನೋ."

ಆದರೆ ಮಾಲವಿಕಾಗೆ ಜ್ವರ ಬಂದಾಗ ಬಾಗಿಲ ಬಳಿ ಗಂಜಿ ಇಟ್ಟು ಹೋದವನೂ ಅವನೇ. 'ಇಷ್ಟು ಒಳ್ಳೆಯವನು ಯಾರನ್ನು ಬಚ್ಚಿಟ್ಟಿದ್ದಾನೆ? ಹೆಂಡತಿಯನ್ನೇ?' ಅವನ ಹೆಜ್ಜೆ ಸಪ್ಪಳಕ್ಕೆ ಮನಸ್ಸು ಅರಳುತ್ತಿತ್ತು, ಮರುಗಳಿಗೆಯೇ ಹೆದರುತ್ತಿತ್ತು. ಹೀಗೆ ಬದುಕಲಾರೆ ಎನಿಸಿ ಮನೆ ಖಾಲಿ ಮಾಡುತ್ತೇನೆಂದಳು. ಅವನ ಮುಖ ಬಾಡಿತು. ಆಟೊ ತಾನೇ ತರುತ್ತೇನೆ ಎಂದಷ್ಟೇ ಹೇಳಿದ.

ಭಾನುವಾರ ಮಧ್ಯಾಹ್ನ ಅವನು ಆಟೊ ತರಲು ಹೋಗಿದ್ದ. ಮಾಲವಿಕಾ ಬ್ಯಾಗ್ ಹಿಡಿದು ಇಳಿಯುತ್ತಿದ್ದಂತೆ ಕೋಣೆಯೊಳಗೆ ಏನೋ ದೊಪ್ಪನೆ ಬಿತ್ತು. ಹಿಂದೆಯೇ ಒಂದು ಚೀತ್ಕಾರ.

ಬ್ಯಾಗ್ ಬಿಸುಟು ಬಾಗಿಲು ನೂಕಿದಳು.

ಮಂಚದ ಪಕ್ಕ ವಯಸ್ಸಾದ ತಾಯಿಯೊಬ್ಬರು ಬಿದ್ದಿದ್ದರು. ಬಲಗೈ ಸೋತು ಜೋತಿತ್ತು. ಮಾಲವಿಕಾ ತಬ್ಬಿ ಎತ್ತಿ ಕೂರಿಸಿ ನೀರು ಕುಡಿಸಿದಳು. ತಿರುಗಿದರೆ ಬಾಗಿಲಲ್ಲಿ ಶ್ರೀಶ.

"ನಮ್ಮಮ್ಮ, ಸತ್ಯವತಿ. ಮಂಡ್ಯದಲ್ಲಿ ಸಂಗೀತ ಹೇಳ್ಕೊಡ್ತಿದ್ರು. ಸ್ಟ್ರೋಕ್ ಆಗಿ ಮಾತು ಹೋಯ್ತು. ತಾಳ ಹಾಕಿ ರಾಗವಾಗಿ ಹೇಳಿಸಿದ್ರೆ ಒಂದೊಂದು ಪದ ಬರುತ್ತೆ. ಈ ಸ್ಥಿತೀಲಿ ಯಾರೂ ನೋಡಬಾರದು ಅಂತ ಅವರದ್ದೇ ಹಟ... ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

ಮಾಲವಿಕಾಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಾನು ಏನೇನೋ ಅಂದ್ಕೊಂಡಿದ್ದೆ ಶ್ರೀಶ."

ಸತ್ಯವತಿ ಎಡಗೈಯಿಂದ ಅವಳ ಕೈ ಹಿಡಿದುಕೊಂಡರು. ಹಿಡಿದ ಅವಳ ಕೈಯನ್ನೇ ಮಂಚದ ಪಟ್ಟಿಯ ಮೇಲೆ ಮೆಲ್ಲಗೆ ತಟ್ಟಿ ತಾಳ ಹಾಕಿದರು.

"ಮಾ... ಲ... ವಿ... ಕಾ..."

ದಿನವೂ ಅವಳನ್ನು ನಡುಗಿಸಿದ್ದ ಅದೇ ದನಿ.

"ನನ್ನ ಹೆಸರು... ಇವರಿಗೆ ಹೇಗೆ ಗೊತ್ತು?"

ಶ್ರೀಶ ನೆಲ ನೋಡಿದ. "ನಾನೇ ಹೇಳ್ಕೊಟ್ಟೆ. ಮನಸಲ್ಲಿರೋದನ್ನ ನಿಮಗೆ ಹೇಳೋಕೆ ಧೈರ್ಯ ಇರ್ಲಿಲ್ಲ. ನಿಮ್ಮ ಹೆಸರನ್ನ ಅಮ್ಮನ ಬಾಯಲ್ಲಾದ್ರೂ ದಿನಾ ಕೇಳೋಣ ಅಂತ..."

ಅವಳ ಕಣ್ಣು ತುಂಬಿ ಬಂತು. ಹೊರಗೆ ಆಟೊ ಹಾರ್ನ್ ಹೊಡೆಯಿತು.

"ಕಾಯ್ತಾ ಇದಾನೆ. ಏನು ಹೇಳ್ಲಿ?" ಶ್ರೀಶ ಬಾಗಿಲ ಕಡೆ ತಿರುಗಿ ಕೇಳಿದ.

ಮಾಲವಿಕಾ ಕಿಟಕಿಯ ಕಂಬಳಿ ಸರಿಸುತ್ತಾ, ತಿರುಗದೆಯೇ ಹೇಳಿದಳು.

"'ನಮ್ಮ ಮನೆಯವರು ಬರಲ್ವಂತೆ' ಅಂತ ಹೇಳಿ."