ಬೇಕೆಂದೇ ಸೋತ ಆಟ

"ಅದು ಎರಡೂ ಕೈ ಬೇಕಾಗೋ ಆಟ, ಮಾರಾಯ್ತಿ..."

ಸುಮಲತಾಳ ಕೆನ್ನೆ ಉರಿಯಿತು. ದುಪಟ್ಟಾದೊಳಗೆ ಅಡಗಿಸಿದ್ದ ಬಲಗೈಯನ್ನು ತೆಗೆದು ಮೇಜಿನ ಮೇಲೆ ಇಟ್ಟೇಬಿಟ್ಟಳು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಹೊಲಿಗೆಯ ಗುರುತು.

"ಇದೂ ಕೈಯೇ! ಕೊಡುದಾದ್ರೆ ಕೊಡು. ಇಲ್ದಿದ್ರೆ ಬಸ್ ಬರೂವರೆಗೆ ಫ್ಯಾನ್ ಗಾಳಿಯಾದ್ರೂ ತಕಂತೆ."

ಕಾರವಾರ ಬಸ್‌ಸ್ಟ್ಯಾಂಡಿನ ಎದುರಿನ ಆ ವಿಡಿಯೋ ಗೇಮ್ ಅಂಗಡಿಗೆ ಹುಡುಗಿಯರು ಬರುವ ವಾಡಿಕೆ ಎರಡು ಸಾವಿರದ ನಾಲ್ಕರಲ್ಲಿ ಇರಲಿಲ್ಲ. ಹುಡುಗರು ಬರುತ್ತಿದ್ದುದೂ ಮನೆಯವರಿಗೆ ತಿಳಿಯದ ಹಾಗೆ. ಎರಡು ಕೈಯ ಮಾತೆತ್ತಿದ್ದ ಅಂಗಡಿಯ ರೋಷನ ಕಂಟ್ರೋಲರನ್ನು ಅವಳತ್ತ ಸರಿಸಿದ.

ಬೆಳಂಬಾರದ ಸುಮಲತಾ, ಅಂಕೋಲಾ ಪೇಟೆಯಲ್ಲಿ ಅಮ್ಮ ಮಂಗಲಾ ಮಾರುವ ಮೀನನ್ನು ಕೊಯ್ದುಕೊಡುತ್ತಿದ್ದವಳು. ಒಂದು ದಿನ ಇಸೋಣ ಮೀನು ಜಾರಿ ಕೈ ಕಾಲಡಿಯ ಮೆಟ್ಟುಗತ್ತಿಗೆ ಸಿಕ್ಕಿತ್ತು. ಗಾಯ ಮಾಯಿತು, ಬೆರಳು ಮರಗಟ್ಟಿತು. ಇನ್ನು ಕತ್ತಿ ಹಿಡಿಯಲಾದೀತೇ ಎಂಬುದೇ ಅವಳ ಚಿಂತೆ. ಕಾರವಾರದ ಆಸ್ಪತ್ರೆಯವರು ಒತ್ತಲು ರಬ್ಬರ್ ಚೆಂಡು ಕೊಟ್ಟಿದ್ದರು. ಚೆಂಡು ಒತ್ತಿದರೆ ಚೆಂಡು ಒತ್ತಿದ ಹಾಗಾಗುತ್ತದೆ, ಅಷ್ಟೇ! ಇಲ್ಲಿ ಗುಂಡಿ ಒತ್ತಿದರೆ ಕೆಂಪು ಕಾರು ಓಡುತ್ತಿತ್ತು, ಗುಡ್ಡ ಹತ್ತುತ್ತಿತ್ತು, ಕಂದಕಕ್ಕೆ ಬೀಳುತ್ತಿತ್ತು... ಬಿದ್ದರೂ ಮತ್ತೆ ಮೊದಲಿನಿಂದ! ಮೆಟ್ಟುಗತ್ತಿ ಅಂಥ ಅವಕಾಶ ಕೊಡುವುದಿಲ್ಲ.

ಆಸ್ಪತ್ರೆಗೆ ಬಂದಾಗಲೆಲ್ಲ ಅಂಕೋಲೆಯ ಬಸ್ಸು ತಪ್ಪತೊಡಗಿತು. ಎದುರಾಳಿ ರೋಷನನೇ. ಹೆಬ್ಬೆರಳು ಮೆಲ್ಲಗೆ ಮಡಚಿತು, ಸೂಜಿಗೆ ದಾರ ಪೋಣಿಸಿತು. ಅವಳು ಗೆಲ್ಲತೊಡಗಿದಳು.

"ಟೀವಿ ಮುಂದೆ ಕೂತು ಕೈ ಗುಣ ಆಗುದಾದ್ರೆ, ನಿನ್ನಪ್ಪಂಗೆ ಇಷ್ಟೊತ್ತಿಗೆ ಹತ್ತು ಕೈ ಇರ್ಬೇಕಿತ್ತು!" ಎಂದಳು ಮಂಗಲಾ.

ಕೊನೆಗೆ ಡಾಕ್ಟರು, "ಇನ್ನು ಬರುವುದು ಬೇಡ" ಎಂದರು. ಕುಣಿಯಬೇಕಾದವಳಿಗೆ ಎದೆ ಭಾರ. ಬಿಟ್ಟಿರಲಾದೀತೇ... ಆಟವನ್ನೋ, ಅವನನ್ನೋ?

ಅಂದೂ ಅವಳೇ ಗೆಲ್ಲುವುದರಲ್ಲಿದ್ದಳು. ಕೊನೆಯ ತಿರುವಿನಲ್ಲಿ ಥಟ್ಟನೆ ಪಕ್ಕಕ್ಕೆ ನೋಡಿದಳು. ರೋಷನನ ಬೆರಳು ಗುಂಡಿಯ ಮೇಲಿರಲಿಲ್ಲ!

"ಬೆರಳು ಎಂತಕೆ ತೆಗ್ದೆ?"

"ಅದು... ಗೆದ್ದಾಗ ನೀ ನಗ್ತೀಯಲ್ಲ..."

ಅಯ್ಯೋ... ಗೆದ್ದದ್ದೆಲ್ಲ ಭಿಕ್ಷೆಯೇ? ಈ ಕೈಯ ಮೇಲೆ ಕನಿಕರವೇ?

"ಚೌಕಾಸಿ ಮಾಡ್ದೆ ಮೀನು ತಕಂಡು ಹೋಗೋ ಪೇಟೆ ಗಿರಾಕಿಗಳ್ನ ಕಂಡ್ರೆ ಅಮ್ಮ ಎಂತ ಹೇಳ್ತದೆ ಗೊತ್ತಾ? ನಮ್ಮನ್ನ ಲೆಕ್ಕಕ್ಕೇ ತಕಂಡಿಲ್ಲ ಅಂತ!"

ಅಂದು ಬಸ್ಸು ತಪ್ಪಲಿಲ್ಲ.

ಮುಂದಿನ ವಾರ ಅಂಕೋಲೆಯ ಮೀನುಪೇಟೆಯಲ್ಲಿ ರೋಷನ ನಿಂತಿದ್ದ. ಸುಮಲತಾ ತಲೆಯೆತ್ತದೆ ಬಂಗಡೆ ಕೊಯ್ಯುತ್ತಿದ್ದಳು. ಮಂಗಲಾ ದರ ಹೇಳಿದಳು.

"ಇದಕ್ಕೆ ಅಷ್ಟಾ? ಇದ್ರ ಕಣ್ಣು ನೋಡಿ, ಮೂರು ದಿನ ನಿದ್ದೆಗೆಟ್ಟ ಹಾಗದೆ!"

"ನಿನ್ನ ಕಣ್ಣು ಕನ್ನಡಿಲಿ ನೋಡ್ಕಂಡು ಬಾ ಮೊದ್ಲು!" ಮಂಗಲಾಳ ಮುಖ ಅರಳಿತು. ಎಷ್ಟೋ ದಿನಕ್ಕೆ ಒಳ್ಳೆ ಗಿರಾಕಿ!

ಮೆಟ್ಟುಗತ್ತಿಯ ಹಿಂದೆ ತುಟಿಯೊಂದು ನಗು ತಡೆದುಕೊಳ್ಳುತ್ತಿತ್ತು.

"ಒಂದ್ಸಲ ಬಾ, ಸುಮಾ," ಎಂದ ಅವನು ತಗ್ಗಿದ ದನಿಯಲ್ಲಿ. "ನಿಜವಾಗಿ ಆಡ್ತೆ."

ಅವಳು ಹೋದಳು. ಅವನು ನಿಜವಾಗಿಯೇ ಆಡಿದ. ಅವಳ ಕೆಂಪು ಕಾರು ಕಂದಕದಲ್ಲಿ ಮಗುಚಿ ಬಿತ್ತು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಈಗ ಕನಿಕರ ಇಲ್ವಾ?"

"ಆವತ್ತೂ ಇರ್ಲಿಲ್ಲ. ಹೆದ್ರಿಕೆ ಇತ್ತು... ಸೋತ್ರೆ ನೀ ಮತ್ತೆ ಬರೂದಿಲ್ಲ ಅಂತ."

"ಅಂಗಡಿ ಇಟ್ಟವಂಗೆ ಇಷ್ಟೂ ತಿಳಿಯೂದಿಲ್ವಾ? ಇನ್ನೊಂದಾಟ ಕೇಳುದು ಸೋತವ್ರೇ ಮಾರಾಯಾ!"

"ಹಾಗಾದ್ರೆ ಕೇಳು."

ಹೊಲಿಗೆಯ ಗುರುತಿನ ಕೈ ಅವನ ಕೈ ಮೇಲೆ ಬಂದು ಕೂತಿತು.

"ಇನ್ನೊಂದಾಟ..."

"ಜೀವನಪೂರ್ತಿ ಆಡ್ವನಾ, ಸುಮಾ?"

"ಹೇಳಿದ್ ಕೂಡ್ಲೆ ಒಪ್ಪೂಕೆ ನಾ ಎಂತ ಪೇಟೆ ಗಿರಾಕಿಯಾ?" ಬೆರಳುಗಳು ಮಾತ್ರ ಅವನ ಕೈ ಸುತ್ತ ಬಿಗಿಯಾಗಿ ಮಡಚಿಕೊಂಡವು. "ಚೌಕಾಸಿ ಮಾಡು!"